ಒಬ್ಬರೇ ಕಲಾವಿದರು, ಹಲವು ಹೆಸರುಗಳು: ವಸ್ತುಸಂಗ್ರಹಾಲಯದ ಡೇಟಾಬೇಸಿನಲ್ಲಿ ಅವರನ್ನು ಹುಡುಕುವುದು ಹೇಗೆ?

ಒಂದು ಸಂಗ್ರಹದಲ್ಲಿ ಕೆ.ಕೆ. ಹೆಬ್ಬಾರರ ಚಿತ್ರಗಳು ಎಷ್ಟಿವೆ ಎಂದು ತಿಳಿಯಬೇಕಾದರೆ ಕಂಪ್ಯೂಟರಿಗೆ ಯಾವ ಹೆಸರನ್ನು ಕೊಡಬೇಕು? ‘ಕೆ.ಕೆ. ಹೆಬ್ಬಾರ್’ ಎಂದೇ? ಚುಕ್ಕಿಗಳಿಲ್ಲದ ‘ಕೆ ಕೆ ಹೆಬ್ಬಾರ’ ಎಂದೇ? ‘ಕಟ್ಟಿಂಗೇರಿ ಕೃಷ್ಣ ಹೆಬ್ಬಾರ’ ಎಂದು ಪೂರ್ತಿಯಾಗಿಯೇ, ಇಲ್ಲವೇ ‘ಹೆಬ್ಬಾರ್, ಕೃಷ್ಣ ಕೆ.’ ಎಂದು ಹಿಂದುಮುಂದಾಗಿಯೇ? ರೋಮನ್ ಲಿಪಿಗೆ ಹೋದರೆ ಬಿ ಒಂದೋ ಎರಡೋ, ಆರ್ ಮುಂಚೆ ಎ ಒಂದೋ ಎರಡೋ ಎಂಬ ಪ್ರಶ್ನೆ ಏಳುತ್ತದೆ. ಮರಾಠಿಯಲ್ಲಿ ಹ್ರಸ್ವ ಎಕಾರವಿಲ್ಲ. ಆದ್ದರಿಂದ ಮರಾಠಿ ರಿಜಿಸ್ಟರಿನ ಹೆಸರನ್ನು ಯಂತ್ರದ ಮೂಲಕ ಕನ್ನಡಕ್ಕೆ ತಂದರೆ ಅವರು ‘ಹೇಬ್ಬಾರ’ ಆಗುತ್ತಾರೆ. ಒಂದೊಂದು ರೂಪಕ್ಕೂ ಒಂದೊಂದು ಉತ್ತರ ಬರುತ್ತದೆ.

ಹಾಗೆ ಬಂದ ಉತ್ತರ ನೋಡುವುದಕ್ಕೆ ತಪ್ಪಾಗಿ ಕಾಣುವುದಿಲ್ಲ ಎಂಬುದೇ ಕಷ್ಟ. ಏಳು ಚಿತ್ರಗಳು ತೆರೆಯ ಮೇಲೆ ಬಂದರೆ ಇರುವುದೇ ಏಳು ಎಂದು ವಿದ್ಯಾರ್ಥಿ ನಂಬುತ್ತಾನೆ. ಬೇರೊಂದು ಕಾಗುಣಿತದಡಿ ಉಳಿದ ಮೂರು ಚಿತ್ರಗಳು ಪ್ರದರ್ಶನಕ್ಕೆ ಬರುವುದಿಲ್ಲ, ಮುದ್ರಿತ ಪಟ್ಟಿಗೆ ಸೇರುವುದಿಲ್ಲ, ದುರಸ್ತಿಗೆ ಕಳುಹಿಸಬೇಕಾದವುಗಳ ಸಾಲಿನಲ್ಲೂ ಇರುವುದಿಲ್ಲ. 1911ರಲ್ಲಿ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿ, 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡ ಹೆಬ್ಬಾರರಂಥವರ ವಿಷಯದಲ್ಲಿ ಯಾರಾದರೂ ಬಲ್ಲವರು ಈ ಕೊರತೆಯನ್ನು ಗಮನಿಸಿಯಾರು. ಇದೇ ನಗರದ ಚಾಳುಗಳಲ್ಲಿ ಕುಳಿತು ಭಾವಚಿತ್ರ, ನಾಟಕದ ಪರದೆ, ಕ್ಯಾಲೆಂಡರ್ ಚಿತ್ರಗಳನ್ನು ಬರೆದ ಎಷ್ಟೋ ಕನ್ನಡ ಕಲಾವಿದರಿಗೆ ಆ ಅನುಕೂಲವಿಲ್ಲ. ಯಾವುದೋ ರಿಜಿಸ್ಟರಿನ ಒಂದು ಸಾಲು ಬಿಟ್ಟರೆ ಅವರ ಗುರುತು ಬೇರೆಲ್ಲಿಯೂ ಉಳಿದಿಲ್ಲ. ಆ ಸಾಲು ಹುಡುಕಾಟಕ್ಕೆ ಸಿಗದಿದ್ದರೆ ಅವರು ಇರಲೇ ಇಲ್ಲ ಎಂದಂತಾಗುತ್ತದೆ. ಇದು ನನ್ನನ್ನು ಬಹಳ ಕಾಡುವ ಸಂಗತಿ.

‘ಎಲ್ಲ ಹೆಸರುಗಳನ್ನೂ ತಿದ್ದಿ ಒಂದೇ ರೂಪಕ್ಕೆ ತಂದುಬಿಡೋಣ’ ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಪರಿಹಾರ. ಅದು ಅಪಾಯಕಾರಿ. ತಿದ್ದುವಾಗ ಹಳೆಯ ರೂಪ ಅಳಿದುಹೋಗುತ್ತದೆ, ಆ ರೂಪದೊಂದಿಗೆ ಅದು ಹೇಳುತ್ತಿದ್ದ ಸಾಕ್ಷ್ಯವೂ ಹೋಗುತ್ತದೆ. ವ್ಯಕ್ತಿಗೆ ಒಂದು ಸ್ಥಿರವಾದ ಗುರುತನ್ನು ಕೊಟ್ಟು, ಸಿಕ್ಕ ಹೆಸರುಗಳನ್ನೆಲ್ಲ ಆ ಗುರುತಿಗೆ ಸೇರಿಸುತ್ತ ಹೋಗುವುದೇ ಸರಿಯಾದ ದಾರಿ. ಅದು ಏಕೆ, ಹೇಗೆ ಎಂಬುದನ್ನು ಮುಂಬಯಿ, ಪುಣೆ, ಗೋವಾಗಳ ಉದಾಹರಣೆಗಳಿಂದಲೇ ನೋಡೋಣ.

ಮೂರು ಖಾನೆಗೆ ಹೊಂದದ ಹೆಸರುಗಳು

ಬಹುಪಾಲು ತಂತ್ರಾಂಶಗಳು ಹೆಸರಿಗೆ ಮೂರು ಖಾನೆ ಕೊಡುತ್ತವೆ: ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು. ಮರಾಠಿ ರೂಢಿಗೆ ಇದು ಸಲೀಸಾಗಿ ಒಗ್ಗುತ್ತದೆ. ಮಹಾದೇವ ವಿಶ್ವನಾಥ ಧುರಂಧರ ಎಂದರೆ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು. ಮೂರಕ್ಕೆ ಮೂರು ಸರಿಹೋದವು. ಕನ್ನಡದ ಹೆಸರುಗಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಕೆ.ಕೆ. ಹೆಬ್ಬಾರರ ಮೊದಲ ‘ಕೆ’ ಊರು, ಎರಡನೆಯ ‘ಕೆ’ ಅವರ ಸ್ವಂತ ಹೆಸರು, ‘ಹೆಬ್ಬಾರ’ ಮನೆತನದ ಹೆಸರು. ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಲ್ಲಿ ‘ಆರ್’ ರಾಶಿಪುರಂ ಎಂಬ ಊರು, ‘ಕೆ’ ತಂದೆ ಕೃಷ್ಣಸ್ವಾಮಿ. ಕೊನೆಯಲ್ಲಿರುವ ಲಕ್ಷ್ಮಣ್ ಎಂಬುದೇ ಅವರ ಸ್ವಂತ ಹೆಸರು. ಅದನ್ನು ಕುಲನಾಮದ ಖಾನೆಗೆ ತುಂಬಿದರೆ ಅವರ ಅಣ್ಣ ಆರ್.ಕೆ. ನಾರಾಯಣ್ ಬೇರೆ ಮನೆತನದವರಾಗುತ್ತಾರೆ! ಬೆಂಗಳೂರಿನ ರುಮಾಲೆ ಚನ್ನಬಸವಯ್ಯನವರಲ್ಲಿ ಮನೆತನದ ಹೆಸರು ಮೊದಲೇ ಬರುತ್ತದೆ. ಕೆ. ವೆಂಕಟಪ್ಪನವರನ್ನು ಯಾವ ನಿಯಮದಿಂದ ನೋಡಿದರೂ ‘ವೆಂಕಟಪ್ಪ’ ಎಂದೇ ಹುಡುಕಬೇಕು.

ಮುಂಬಯಿಗೆ ಬಂದ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಜನರಲ್ಲಿ ಇನ್ನೊಂದು ಪದರವಿದೆ. ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಮನೆತನ ತಾಯಿಯ ಕಡೆಯಿಂದ ಬರುತ್ತದೆ. ತಂದೆಯ ಕುಲನಾಮವೇ ಮಗನಿಗೂ ಇರಬೇಕೆಂದಿಲ್ಲ. ಹೀಗಿರುವಾಗ ಕುಲನಾಮ ಬೇರೆ ಎಂಬ ಕಾರಣಕ್ಕೆ ತಂದೆ ಮಕ್ಕಳಲ್ಲವೆಂದು ತೀರ್ಮಾನಿಸುವುದೂ, ಒಂದೇ ಎಂಬ ಕಾರಣಕ್ಕೆ ಬಂಧುಗಳೆಂದು ತಿಳಿಯುವುದೂ ಎರಡೂ ತಪ್ಪು.

ಮಹಿಳಾ ಕಲಾವಿದರ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಮದುವೆಯ ನಂತರ ಕುಲನಾಮ ಬದಲಾಗುವುದು ಎಲ್ಲರಿಗೂ ಗೊತ್ತು. ಮಹಾರಾಷ್ಟ್ರದಲ್ಲಿ ನಡುವಿನ ಹೆಸರು ತಂದೆಯದಿದ್ದದ್ದು ಗಂಡನದಾಗುತ್ತದೆ, ಹಲವು ಮನೆಗಳಲ್ಲಿ ವಧುವಿಗೆ ಹೊಸ ಮೊದಲ ಹೆಸರನ್ನೂ ಇಡುತ್ತಾರೆ. ಅಂದರೆ ಮೂರು ಖಾನೆಗಳೂ ಒಂದೇ ದಿನ ಬದಲಾಗಬಹುದು. ಇಪ್ಪತ್ತರ ವಯಸ್ಸಿನಲ್ಲಿ ಬಹುಮಾನ ಪಡೆದ ವಿದ್ಯಾರ್ಥಿನಿ, ನಲವತ್ತರಲ್ಲಿ ಪ್ರದರ್ಶನ ನಡೆಸಿದ ಮಹಿಳೆ ಇಬ್ಬರೂ ಒಬ್ಬರೇ ಎಂದು ಹೇಳುವ ಕೊಂಡಿಯನ್ನು ಯಾರಾದರೂ ಬೇಕೆಂದೇ ದಾಖಲಿಸಿದರೆ ಮಾತ್ರ ಅದು ಉಳಿಯುತ್ತದೆ.

ಆದ್ದರಿಂದ ಮೂರು ಖಾನೆಗಳಿಗಿಂತ ಎರಡು ರೂಪಗಳು ಮೇಲು. ಒಂದು, ಓದುವವರಿಗೆ ತೋರಿಸುವ ರೂಪ: ‘ಕೆ.ಕೆ. ಹೆಬ್ಬಾರ್’. ಇನ್ನೊಂದು, ಅಕಾರಾದಿ ಪಟ್ಟಿಯಲ್ಲಿ ಜೋಡಿಸುವ ರೂಪ: ‘ಹೆಬ್ಬಾರ್, ಕಟ್ಟಿಂಗೇರಿ ಕೃಷ್ಣ’. ಯಾವ ಭಾಗ ಮುಂದೆ ಬರಬೇಕೆಂಬುದನ್ನು ಆಯಾ ಹೆಸರಿನ ಸ್ವಭಾವ ನೋಡಿ ಮನುಷ್ಯರೇ ತೀರ್ಮಾನಿಸಬೇಕು. ಲಾಲಾ, ರಾಜಾ, ಪಂಡಿತ, ಡಾಕ್ಟರ್ ಮುಂತಾದ ಬಿರುದುಗಳಿಗೆ ಪ್ರತ್ಯೇಕ ಜಾಗವಿರಬೇಕು. ಛಾಯಾಗ್ರಾಹಕ ದೀನ್ ದಯಾಳ್ ಒಂದು ಕಾಲದಲ್ಲಿ ಲಾಲಾ, ಮುಂದೆ ರಾಜಾ. ಬಿರುದನ್ನೇ ಹೆಸರಿನ ಆರಂಭವೆಂದು ಹಿಡಿದರೆ ಅವರ ಚಿತ್ರಗಳು ‘ಲ’ದಲ್ಲಿ ಕೆಲವು, ‘ರ’ದಲ್ಲಿ ಕೆಲವು ಚದುರುತ್ತವೆ. ಆದರೆ ಇಲ್ಲಿ ಕಣ್ಣುಮುಚ್ಚಿ ನಡೆಯುವಂತಿಲ್ಲ: ಕಲಬುರಗಿಯಿಂದ ಮುಂಬಯಿಗೆ ಬಂದು ಸಿನಿಮಾ ಪೋಸ್ಟರು, ಕ್ಯಾಲೆಂಡರ್ ಚಿತ್ರಗಳಿಂದ ಹೆಸರಾದ ಎಸ್.ಎಂ. ಪಂಡಿತರಲ್ಲಿ ‘ಪಂಡಿತ’ ಬಿರುದಲ್ಲ, ಹೆಸರಿನ ಭಾಗ.

ಗೋವಾದ ಹೆಸರುಗಳು

ಕಲಾವಿದರ ಹೆಸರಿನ ತೊಡಕುಗಳನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ ಗೋವಾಕ್ಕೆ ಹೋಗಬೇಕು. ಪೋರ್ಚುಗೀಸ್ ಬರವಣಿಗೆಯಲ್ಲಿ ನಮ್ಮ ಶೆಣೈ ‘ಸಿನಾಯ್’ ಆಗುತ್ತಾರೆ, ಕಾಮತರು ‘ಕಾಮೊತಿಂ’ ಆಗುತ್ತಾರೆ, ‘ಕ’ಕಾರಕ್ಕೆ ರೋಮನ್ ಕೆ ಬದಲು ಸಿ ಬರುತ್ತದೆ. ಪೊಂಬುರ್ಪಾದಲ್ಲಿ 1929ರಲ್ಲಿ ಹುಟ್ಟಿದ ಕಲಾವಿದ ವಾಮನ ಅನಂತ ಸಿನಾಯ್ ನಾವೇಲ್ಕರ್ ಅವರ ಹೆಸರನ್ನು ಪೋರ್ಚುಗೀಸ್ ದಾಖಲೆ ಸಿ ಅಕ್ಷರದಿಂದ ಬರೆಯುತ್ತದೆ. ಇಂದಿನ ಗುಮಾಸ್ತರು ಮರಾಠಿ ಅಭ್ಯಾಸದಂತೆ ಕೆ ಬರೆದುಬಿಡಬಹುದು. ನಾವೇಲ್ಕರ್ ಅನೇಕ ಚಿತ್ರಗಳಿಗೆ ಹಾಕಿದ ಸಹಿ ಇವೆರಡೂ ಅಲ್ಲ, ‘ಗಣೇಶ್’; ಅದು ತೀರಿಕೊಂಡ ಸಹೋದರನ ಹೆಸರು. ಆ ಚಿತ್ರವನ್ನು ಕೈಯಲ್ಲಿ ಹಿಡಿದ ಯಾರಾದರೂ ಗಣೇಶ್ ಎಂಬ ಬೇರೆ ಕಲಾವಿದನನ್ನೇ ಸೃಷ್ಟಿಸಿಬಿಡಬಹುದು.

ಸಾಂತೊ ಎಸ್ತೆವಾಂವ್‌ನಲ್ಲಿ 1902ರಲ್ಲಿ ಹುಟ್ಟಿ ಬಹುಕಾಲ ಪುಣೆಯಲ್ಲಿದ್ದ ಆಂಜೆಲೊ ದ ಫೊನ್ಸೆಕಾ ಅವರ ಕೃತಿಗಳ ದೊಡ್ಡ ಸಂಗ್ರಹ ಪರ್ವರಿಯ ಝೇವಿಯರ್ ಐತಿಹಾಸಿಕ ಸಂಶೋಧನ ಕೇಂದ್ರದಲ್ಲಿದೆ. ಅವರನ್ನು ‘ದ’ಕಾರದಲ್ಲಿ ಹುಡುಕಬೇಕೋ ‘ಫ’ಕಾರದಲ್ಲೋ? ಪೋರ್ಚುಗೀಸ್ ರೂಢಿಯಲ್ಲಿ ‘ದ’ ಎಂಬ ಕಿರುಪದ ಹಿಂದೆ ಸರಿಯುತ್ತದೆ: ‘ಫೊನ್ಸೆಕಾ, ಆಂಜೆಲೊ ದ’. ಇಂಗ್ಲಿಷ್ ರೂಢಿಯಲ್ಲಿ ಅದೇ ಕಿರುಪದ ಹೆಸರಿಗೆ ಅಂಟಿಕೊಂಡು ಮುಂದೆ ಬರುತ್ತದೆ. ಮಂಗಳೂರಿನಿಂದ ಮುಂಬಯಿಗೆ ಬಂದ ಕ್ರೈಸ್ತ ಕುಟುಂಬಗಳಿಗೆ ಇದು ಹೊಸದಲ್ಲ. ಡಿಸೋಜ, ಡಿ’ಸೋಜ, ಡಿ ಸೋಜ, ದೆ ಸೋಜ ಎಲ್ಲವೂ ಒಂದೇ ಮನೆಯ ಬೇರೆ ಬೇರೆ ಪ್ರಮಾಣಪತ್ರಗಳಲ್ಲಿ ಸಿಗುತ್ತವೆ. ಆ ಮೇಲುಚಿಹ್ನೆ ನೆಟ್ಟಗಿದೆಯೋ ಬಾಗಿದೆಯೋ ಎಂಬುದರಿಂದಲೂ ಕಂಪ್ಯೂಟರಿನ ಉತ್ತರ ಬದಲಾಗಬಹುದು, ಏಕೆಂದರೆ ಅದಕ್ಕೆ ಅವು ಎರಡು ಬೇರೆ ಅಕ್ಷರಗಳು.

ಸಾಲಿಗಾಂವ್‌ನ ಫ್ರಾನ್ಸಿಸ್ ನ್ಯೂಟನ್ ಸೋಜಾ (1924–2002) ಎಲ್ಲರಿಗೂ ಪರಿಚಿತ ಹೆಸರು. ಅವರ 1940ರ ದಶಕದ ಆರಂಭಿಕ ಕೃತಿಗಳಲ್ಲಿ ‘ನ್ಯೂಟನ್’ ಎಂಬ ಸಹಿ ಸಿಗುತ್ತದೆ, ನಂತರದವುಗಳಲ್ಲಿ ‘ಸೋಜಾ’. ಮಾರಿಯೊ ಮಿರಾಂಡರ ಪೂರ್ಣ ಹೆಸರು ಮಾರಿಯೊ ಜೊಆಂವ್ ಕಾರ್ಲೊಸ್ ದೊ ರೊಸಾರಿಯೊ ದೆ ಬ್ರಿತೊ ಮಿರಾಂಡ. ಜನ ಹುಡುಕುವುದು ‘ಮಾರಿಯೊ’ ಎಂದು, ಚಿತ್ರದ ಮೂಲೆಯಲ್ಲಿರುವುದೂ ಅದೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಪಾಠ ಕಲಿಸುವ ಉದಾಹರಣೆ ತ್ರಿಂದಾದ್ ಕುಟುಂಬದ್ದು. ಗೋವಾದಲ್ಲಿ ಹುಟ್ಟಿ ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಬೆಳಗಿದ ಆಂತೋನಿಯೊ ಶಾವಿಯೆರ್ ತ್ರಿಂದಾದ್ (1870–1935), ಅವರ ಮಗಳು ಆಂಜೆಲಾ ತ್ರಿಂದಾದ್ (1909–1980) ಇಬ್ಬರೂ ಚಿತ್ರಕಾರರು. ಪಣಜಿಯ ಫುಂದಾಸಾಂವ್ ಓರಿಯೆಂತೆಯಲ್ಲಿ ತ್ರಿಂದಾದ್ ಸಂಗ್ರಹವಿದೆ. ಯಾವುದೋ ಹಳೆಯ ಪಟ್ಟಿಯಲ್ಲಿ ‘ಎ. ತ್ರಿಂದಾದ್, ತೈಲಚಿತ್ರ’ ಎಂದಷ್ಟೇ ಇದ್ದರೆ ಅದು ತಂದೆಯದೋ ಮಗಳದೋ? ಇಬ್ಬರ ಮೊದಲಕ್ಷರವೂ ಎ. ‘ಕುಟುಂಬದ ಹೆಸರು ಪ್ರಸಿದ್ಧ, ಆದ್ದರಿಂದ ತಂದೆಯದೇ’ ಎಂದು ತುಂಬಿಬಿಟ್ಟರೆ ಒಬ್ಬ ಮಹಿಳೆಯ ಕೆಲಸ ಒಂದೇ ಕ್ಷಣದಲ್ಲಿ ಅವಳ ಕೈತಪ್ಪುತ್ತದೆ. ಧುರಂಧರರ ಮನೆಯಲ್ಲೂ ಹೀಗೆಯೇ. ಮಹಾದೇವ ಧುರಂಧರರ ಮಗಳು ಅಂಬಿಕಾ ಧುರಂಧರ ಸ್ವತಃ ಕಲಾವಿದೆ.

ಚಿತ್ರದ ಮೇಲಿರುವುದು, ಪುಸ್ತಕದಲ್ಲಿರುವುದು, ನಾವು ತಿಳಿದದ್ದು

ಇಲ್ಲಿಂದ ಒಂದು ನಿಯಮ ಹುಟ್ಟುತ್ತದೆ. ಮೂರು ಸಂಗತಿಗಳನ್ನು ಮೂರು ಕಡೆ ಇಡಬೇಕು.

ಮೊದಲನೆಯದು ಕೃತಿಯ ಮೇಲೆ ಕಣ್ಣಿಗೆ ಕಾಣುವ ಬರಹ. ಅದನ್ನು ಇದ್ದ ಹಾಗೆಯೇ, ಇದ್ದ ಲಿಪಿಯಲ್ಲಿಯೇ ಬರೆದುಕೊಳ್ಳಬೇಕು. ಎಲ್ಲಿದೆ ಎಂಬುದನ್ನೂ ಸೇರಿಸಬೇಕು: ‘ಕೆಳಗೆ ಬಲಮೂಲೆಯಲ್ಲಿ, ದೇವನಾಗರಿಯಲ್ಲಿ’. ಎಂ.ಎಫ್. ಹುಸೇನರು ದೇವನಾಗರಿ, ಉರ್ದು, ರೋಮನ್ ಮೂರರಲ್ಲೂ ಸಹಿ ಹಾಕಿದವರು. ‘ಸಹಿ: ಇದೆ’ ಎಂದು ಬರೆದು ಮುಗಿಸಿದರೆ ಸಹಿಯ ಲಿಪಿಯಿಂದ ಸಿಗಬಹುದಾದ ಸುಳಿವು ಕಳೆದುಹೋಗುತ್ತದೆ.

ಎರಡನೆಯದು ಅಕ್ಸೆಷನ್ ರಿಜಿಸ್ಟರಿನಲ್ಲಿ, ಅಂದರೆ ವಸ್ತು ಸಂಗ್ರಹಕ್ಕೆ ಬಂದ ದಿನ ಬರೆದ ಪುಸ್ತಕದಲ್ಲಿ, ಇರುವ ಹೆಸರು. ಅದರ ಕಾಗುಣಿತ ತಪ್ಪಾಗಿದ್ದರೂ ಮುಟ್ಟಬಾರದು. ಅದು ಕಾನೂನಿನ ದಾಖಲೆ. ನಾಳೆ ಯಾರಾದರೂ ಆ ಪುಸ್ತಕದೊಂದಿಗೆ ಹೋಲಿಸಿ ನೋಡಬೇಕಾದರೆ ಡೇಟಾಬೇಸಿನಲ್ಲಿಯೂ ಅದೇ ರೂಪ ಸಿಗಬೇಕು.

ಮೂರನೆಯದು ನಮ್ಮ ತೀರ್ಮಾನ: ಈ ಬರಹ ಇಂಥ ವ್ಯಕ್ತಿಯನ್ನು ಸೂಚಿಸುತ್ತದೆ ಎಂಬುದು. ತೀರ್ಮಾನ ಬದಲಾಗಬಹುದು. ಮೊದಲೆರಡನ್ನು ಜೋಪಾನವಾಗಿ ಇಟ್ಟಿದ್ದರೆ ಮಾತ್ರ ಅದನ್ನು ಬದಲಾಯಿಸುವ ಧೈರ್ಯ ಬರುತ್ತದೆ. ಮೂರನ್ನೂ ಒಂದೇ ಖಾನೆಯಲ್ಲಿ ಕಲಸಿದ ಡೇಟಾಬೇಸಿನಲ್ಲಿ ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂದು ಹತ್ತು ವರ್ಷಗಳ ನಂತರ ಯಾರೂ ಹೇಳಲಾರರು.

ವ್ಯಕ್ತಿಗೊಂದು ಸಂಖ್ಯೆ

ಜಮೀನಿನ ಪಹಣಿಯಲ್ಲಿ ಒಡೆಯರ ಹೆಸರು ತಂದೆಯಿಂದ ಮಗನಿಗೆ, ಮಾರಿದವರಿಂದ ಕೊಂಡವರಿಗೆ ಬದಲಾಗುತ್ತಿದ್ದರೂ ಸರ್ವೆ ನಂಬರು ಹೊಲವನ್ನು ಹಿಡಿದು ನಿಲ್ಲಿಸುತ್ತದೆ. ಕಲಾವಿದರಿಗೂ ಅಂಥ ಸಂಖ್ಯೆ ಬೇಕು. ಗ್ರಂಥಾಲಯದವರು ‘ಅಥಾರಿಟಿ ಫೈಲ್’ ಎಂದು ಕರೆಯುವ ಪ್ರತ್ಯೇಕ ಕಡತದಲ್ಲಿ ಒಬ್ಬೊಬ್ಬ ಕಲಾವಿದರಿಗೂ ಒಂದು ದಾಖಲೆ, ಅದಕ್ಕೊಂದು ಸಂಖ್ಯೆ. ಹುಟ್ಟಿದ ಹಾಗೂ ತೀರಿಕೊಂಡ ವರ್ಷ, ಊರು, ಕಲಿತ ಶಾಲೆ, ಬಂಧುಗಳು, ಗುರುಗಳು ಅಲ್ಲಿರುತ್ತಾರೆ. ಹೆಸರಿನ ರೂಪಗಳೆಲ್ಲ ಆ ದಾಖಲೆಯ ಕೆಳಗೆ ಸಾಲಾಗಿ ಬರುತ್ತವೆ, ಪ್ರತಿ ರೂಪದ ಮುಂದೆ ಲಿಪಿ ಯಾವುದು, ಬಗೆ ಯಾವುದು (ಹುಟ್ಟು ಹೆಸರೋ, ಮದುವೆಯ ನಂತರದ್ದೋ, ಸಹಿಯೋ), ಎಲ್ಲಿ ಸಿಕ್ಕಿತು ಎಂಬ ವಿವರ ಇರುತ್ತದೆ. ಅವುಗಳಲ್ಲಿ ಒಂದನ್ನು ತೋರಿಸುವ ರೂಪವೆಂದು ಆರಿಸುತ್ತಾರೆ. ಚಿತ್ರದ ದಾಖಲೆಯಲ್ಲಿ ಹೆಸರನ್ನು ಟೈಪ್ ಮಾಡುವ ಬದಲು ಈ ಸಂಖ್ಯೆಗೆ ಕೊಂಡಿ ಹಾಕುತ್ತಾರೆ. ಆಗ ಯಾವ ರೂಪದಿಂದ ಹುಡುಕಿದರೂ ಹುಡುಕಾಟ ಮೊದಲು ವ್ಯಕ್ತಿಯನ್ನು ತಲುಪುತ್ತದೆ, ಅಲ್ಲಿಂದ ಎಲ್ಲ ಚಿತ್ರಗಳಿಗೆ ಹೋಗುತ್ತದೆ.

ಜಗತ್ತಿನಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಅಮೆರಿಕದ ಗೆಟ್ಟಿ ಸಂಶೋಧನ ಸಂಸ್ಥೆ ನಡೆಸುವ ‘ಯೂನಿಯನ್ ಲಿಸ್ಟ್ ಆಫ್ ಆರ್ಟಿಸ್ಟ್ ನೇಮ್ಸ್’, ಚುಟುಕಾಗಿ ಯುಲ್ಯಾನ್. 1984ರಲ್ಲಿ ಕೆಲಸ ಶುರುವಾಯಿತು. ಅಲ್ಲಿನ ಪ್ರತಿ ಕಲಾವಿದರಿಗೂ 500ರಿಂದ ಆರಂಭವಾಗುವ ಒಂಬತ್ತು ಅಂಕಿಗಳ ಸಂಖ್ಯೆಯಿದೆ. ವ್ಯಕ್ತಿಗಳಷ್ಟೇ ಅಲ್ಲದೆ ಸ್ಟುಡಿಯೊ, ಸಂಸ್ಥೆಗಳೂ ಅಲ್ಲಿ ದಾಖಲಾಗುತ್ತವೆ. 2015ರಿಂದ ಅದರ ಮಾಹಿತಿ ಬೇರೆ ಡೇಟಾಬೇಸುಗಳು ಮುಕ್ತವಾಗಿ ಕೊಂಡಿ ಹಾಕಿಕೊಳ್ಳಬಹುದಾದ ರೂಪದಲ್ಲಿದೆ. ಹಲವು ದೇಶಗಳ ರಾಷ್ಟ್ರೀಯ ಗ್ರಂಥಾಲಯಗಳ ಹೆಸರಿನ ಕಡತಗಳನ್ನು ಒಂದಕ್ಕೊಂದು ಹೊಂದಿಸುವ ವಿಯಾಫ್ ಎಂಬ ವ್ಯವಸ್ಥೆ ಇನ್ನೊಂದು. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಒಬ್ಬ ಕಲಾವಿದರ ಹೆಸರನ್ನು ಕನ್ನಡ, ಮರಾಠಿ, ಕೊಂಕಣಿ ಎಲ್ಲದರಲ್ಲೂ ಬರೆದು, ಪರ್ಯಾಯ ರೂಪಗಳನ್ನೂ ಸೇರಿಸಿ, ಯುಲ್ಯಾನ್ ಹಾಗೂ ವಿಯಾಫ್ ಸಂಖ್ಯೆಗಳನ್ನು ಅಲ್ಲಿಯೇ ಕಾಣಿಸಬಹುದು.

ನಮ್ಮ ಪ್ರಾದೇಶಿಕ ಕಲಾವಿದರಲ್ಲಿ ಅನೇಕರು ಈ ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಇಲ್ಲ. ಆದರೂ ಕಾಯುತ್ತ ಕೂರಬೇಕಿಲ್ಲ. ಸಂಗ್ರಹದ ಒಳಗೇ ಸ್ವಂತ ಸಂಖ್ಯೆಯನ್ನು ಕೊಟ್ಟು, ಹೊರಗಿನ ಸಂಖ್ಯೆಗೆ ಒಂದು ಖಾಲಿ ಖಾನೆ ಬಿಟ್ಟರೆ ಸಾಕು. ಪುಣೆಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಜತನ್’ ತಂತ್ರಾಂಶವನ್ನು ಕೇಂದ್ರ ಸರ್ಕಾರದ ವಸ್ತುಸಂಗ್ರಹಾಲಯಗಳಲ್ಲಿ ಬಳಸುತ್ತಾರೆ. ಅವುಗಳ ಸಂಗ್ರಹಗಳು ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ ಪೋರ್ಟಲಿನಲ್ಲಿ ಒಟ್ಟಾಗಿ ಕಾಣಿಸುತ್ತವೆ. ಒಂದೇ ಕಟ್ಟಡದೊಳಗೆ ಕೆಲಸ ಮಾಡುವಾಗ ‘ಇದು ಅವರೇ’ ಎಂದು ಹಳೆಯ ಸಿಬ್ಬಂದಿಗೆ ನೆನಪಿರುತ್ತದೆ. ಹಲವು ನಗರಗಳ ಸಂಗ್ರಹಗಳು ಒಂದೇ ಹುಡುಕು ಪಟ್ಟಿಗೆ ಬಂದಾಗ ಆ ನೆನಪು ನೆರವಿಗೆ ಬರುವುದಿಲ್ಲ. ಕೊಂಡಿಗಳು ಬರಹದಲ್ಲಿಯೇ ಇರಬೇಕು.

ಕೂಡಿಸುವ ಮುನ್ನ

ಒಬ್ಬರನ್ನು ಇಬ್ಬರೆಂದು ದಾಖಲಿಸಿದ್ದರೆ ಮುಂದೆ ಸಾಕ್ಷ್ಯ ಸಿಕ್ಕಾಗ ಎರಡು ದಾಖಲೆಗಳನ್ನು ಕೂಡಿಸಬಹುದು. ಇಬ್ಬರನ್ನು ಒಬ್ಬರೆಂದು ಬೆರೆಸಿಬಿಟ್ಟರೆ ಬಿಡಿಸುವುದು ಬಹಳ ಕಷ್ಟ, ಏಕೆಂದರೆ ಯಾವ ಚಿತ್ರ ಯಾರ ಕಡೆಯಿಂದ ಬಂತೆಂಬ ಗುರುತು ಅಳಿದಿರುತ್ತದೆ. ಸಂಶಯವಿದ್ದರೆ ಬೇರೆಯಾಗಿಯೇ ಇಟ್ಟು, ‘ಇವರಿಬ್ಬರೂ ಒಬ್ಬರೇ ಇರಬಹುದು’ ಎಂಬ ಕೊಂಡಿಯನ್ನು ಮಾತ್ರ ಹಾಕಬೇಕು.

ಈ ಬಗೆಯ ಪ್ರಶ್ನೆ ನಮಗೆ ಎಂಟುನೂರು ವರ್ಷ ಹಳೆಯದು. ಹೊಯ್ಸಳ ದೇವಾಲಯಗಳ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಟ್ಟವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರುಗಳಿವೆ. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿ ಕೆಲವು ಕಡೆ ಪೂರ್ತಿಯಾಗಿ, ಕೆಲವು ಕಡೆ ‘ಮಲ್ಲಿ’ ಎಂದು, ಕೆಲವು ಕಡೆ ಬರೀ ‘ಮ’ ಎಂದು ಸಿಗುತ್ತದೆ. 1196ರ ಅಮೃತಪುರದ ದೇವಾಲಯದಲ್ಲೂ ಅದೇ ಹೆಸರಿದೆ. ಸೋಮನಾಥಪುರ ಕಟ್ಟಿದ್ದು ಅದಾದ ಸುಮಾರು ಆರು ದಶಕಗಳ ಬಳಿಕ. ಒಬ್ಬನೇ ಶಿಲ್ಪಿ ಅಷ್ಟು ದೀರ್ಘಕಾಲ ಉಳಿ ಹಿಡಿದಿದ್ದನೇ, ಅಜ್ಜನ ಹೆಸರನ್ನು ಮೊಮ್ಮಗ ಹೊತ್ತಿದ್ದನೇ? ಶಾಸನತಜ್ಞರು ವಾದಿಸಲಿ, ಡೇಟಾಬೇಸು ಎರಡೂ ಸಾಧ್ಯತೆಗಳಿಗೆ ಜಾಗ ಕೊಡಬೇಕು, ಪ್ರತಿ ಕೆತ್ತನೆಯ ಬರಹವನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕು.

ಕೂಡಿಸಲೇಬೇಕಾದಾಗ ಒಂದು ಸಂಖ್ಯೆ ಉಳಿಯುತ್ತದೆ, ಇನ್ನೊಂದು ನಿವೃತ್ತವಾಗುತ್ತದೆ. ನಿವೃತ್ತ ಸಂಖ್ಯೆಯನ್ನು ಅಳಿಸಬಾರದು, ಬೇರೆಯವರಿಗೆ ಕೊಡಲೂ ಬಾರದು. ಅದನ್ನು ಒತ್ತಿದವರು ಉಳಿದ ದಾಖಲೆಗೆ ತಲುಪುವಂತೆ ದಾರಿ ಬಿಡಬೇಕು. ಪುಸ್ತಕಗಳಲ್ಲಿ, ಹರಾಜಿನ ಪಟ್ಟಿಗಳಲ್ಲಿ, ಬೇರೆ ಸಂಗ್ರಹಗಳಲ್ಲಿ ಆ ಹಳೆಯ ಸಂಖ್ಯೆ ಈಗಾಗಲೇ ಹರಡಿರುತ್ತದೆ.

ಕಂಪ್ಯೂಟರ್ ಹುಡುಕುವ ಬಗೆ

ಕಂಪ್ಯೂಟರಿಗೆ ಅಕ್ಷರಗಳು ಕಾಣುವುದಿಲ್ಲ, ಅವುಗಳ ಹಿಂದಿನ ಸಂಕೇತಗಳು ಕಾಣುತ್ತವೆ. ಕನ್ನಡದಲ್ಲಿ ಇದರ ಪರಿಣಾಮ ನಾವು ಊಹಿಸಿದ್ದಕ್ಕಿಂತ ಹೆಚ್ಚು. ದಾಸೋಜ ಎಂಬುದರ ‘ಸೋ’ವನ್ನು, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡಿನಲ್ಲಿ, ಓತ್ವದ ಒಂದೇ ಸಂಕೇತದಿಂದ ಬರೆಯಬಹುದು, ಎತ್ವ, ಊತ್ವ, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಹುಡುಕಿದಾಗ ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಒತ್ತಕ್ಷರ ಬೀಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಅದನ್ನು ಟೈಪ್ ಮಾಡದವರಿಗೆ ಆ ಹೆಸರು ಸಿಗುವುದಿಲ್ಲ. ಇಂಥವಕ್ಕೆ ಮದ್ದು ಸುಲಭ: ದಾಖಲೆಯನ್ನು ಸೇರಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು ಒಂದೇ ಪ್ರಮಾಣಿತ ರೂಪಕ್ಕೆ ತಂದು ಹೋಲಿಸುವುದು. ಚುಕ್ಕಿ, ಅಲ್ಪವಿರಾಮ, ಪೋರ್ಚುಗೀಸ್ ಅಕ್ಷರಗಳ ಮೇಲಿನ ಚಿಹ್ನೆಗಳನ್ನು ಹೋಲಿಕೆಯ ಹೊತ್ತಿಗೆ ಮಾತ್ರ ಬದಿಗಿಡಬೇಕು. ತೋರಿಸುವ ರೂಪದಲ್ಲಿ ಅವು ಇರಲೇಬೇಕು.

ಇನ್ನೂ ಆಳದ ತೊಂದರೆ ಹಳೆಯ ಫಾಂಟುಗಳದು. ಯುನಿಕೋಡ್ ಬರುವ ಮುನ್ನ ನುಡಿ, ಬರಹ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಎಂಬ ತಂತ್ರಾಂಶಗಳಲ್ಲಿ ತುಂಬಿದ ಪಟ್ಟಿಗಳಲ್ಲಿ ಕಾಣುವುದು ಕನ್ನಡ, ಒಳಗಿರುವುದು ರೋಮನ್ ಸಂಕೇತ. ಅವನ್ನು ಯುನಿಕೋಡಿಗೆ ಪರಿವರ್ತಿಸದೆ ಹೊಸ ಡೇಟಾಬೇಸಿಗೆ ಸುರಿದರೆ ಯಾವ ಕನ್ನಡ ಹುಡುಕಾಟಕ್ಕೂ ಅವು ಸಿಗುವುದಿಲ್ಲ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಕನ್ನಡ ಬಲ್ಲ ಒಬ್ಬರು ಕೂತು ಓದಿ ನೋಡಲೇಬೇಕು.

ವಿಭಕ್ತಿ ಪ್ರತ್ಯಯಗಳನ್ನೂ ಮರೆಯಬಾರದು. ‘ಹೆಬ್ಬಾರ್’ ಎಂದು ಹುಡುಕಿದವರಿಗೆ ‘ಹೆಬ್ಬಾರರ ರೇಖಾಚಿತ್ರ’ ಎಂಬ ಶೀರ್ಷಿಕೆ ಸಿಗದಿರಬಹುದು. ಹೆಸರಿನ ಖಾನೆಯಲ್ಲಿ ಗೌರವದ ‘ಅವರು’, ‘ರವರು’ ಸೇರಿಸದೆ ಮೂಲ ಹೆಸರನ್ನಷ್ಟೇ ಬರೆಯುವುದು ಅಗೌರವವಲ್ಲ. ಹಾಗೆ ಬರೆದರೆ ಅವರು ಸಿಗುತ್ತಾರೆ.

‘ಹತ್ತಿರದ ಉಚ್ಚಾರಣೆಯನ್ನು ಕಂಪ್ಯೂಟರೇ ಊಹಿಸುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಊಹಿಸುತ್ತದೆ, ಆದರೆ ಅದರ ಊಹೆ ನಮ್ಮ ಹೆಸರುಗಳಿಗೆಂದು ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ವಿಧಾನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳನ್ನು ಆರು ಗುಂಪುಗಳ ಅಂಕಿಗಳಾಗಿ ಬದಲಿಸುತ್ತದೆ. ಹೆಬ್ಬಾರರಿಗೆ ಇದು ಚೆನ್ನಾಗಿ ಒದಗುತ್ತದೆ: ಬಿ ಒಂದಿರಲಿ ಎರಡಿರಲಿ, ಎ ಎಷ್ಟೇ ಇರಲಿ, ಸಂಕೇತ ಎಚ್160. ಮುಂಬಯಿಯ ಕಲಾವಿದ ಶಿಯಾವಕ್ಷ್ ಚಾವ್ಡಾ ಅವರ ಕುಲನಾಮದಲ್ಲಿ ‘ವ’ಕ್ಕೆ ರೋಮನ್ ವಿ ಬರೆದರೆ ಸಿ130, ಡಬ್ಲ್ಯು ಬರೆದರೆ ಸಿ300, ಒಂದೇ ಹೆಸರು ಎರಡಾಗುತ್ತದೆ. ಭಾರತೀಯ ಕಿವಿಗೆ ವಿ, ಡಬ್ಲ್ಯು ಬೇರೆಯಲ್ಲ ಎಂಬುದು ಆ ವಿಧಾನಕ್ಕೆ ತಿಳಿದಿಲ್ಲ.

ಎಷ್ಟು ಅಕ್ಷರ ಬದಲಿಸಿದರೆ ಒಂದು ಹೆಸರು ಇನ್ನೊಂದಾಗುತ್ತದೆ ಎಂದು ಎಣಿಸುವ ವಿಧಾನವೂ ಇದೆ. ರೋಮನ್ ಲಿಪಿಯಲ್ಲಿ ಪೈ ಮತ್ತು ರೈ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ, ಆದರೆ ಅವೆರಡೂ ಸಂಬಂಧವೇ ಇಲ್ಲದ ಮನೆತನಗಳು. ಎಕ್ಸ್ ಹಾಕಿ ಬರೆದ ಲಕ್ಷ್ಮಣ್, ಕೆ-ಎಸ್-ಎಚ್ ಹಾಕಿ ಕೊನೆಗೆ ಎ ಸೇರಿಸಿ ಬರೆದ ಲಕ್ಷ್ಮಣ ಒಂದೇ ಹೆಸರು, ಆದರೆ ನಡುವಿನ ಅಂತರ ನಾಲ್ಕು. ಅಂತರದ ಮಿತಿಯನ್ನು ಸಡಿಲಿಸಿದರೆ ಬೇಡದವರು ನುಗ್ಗುತ್ತಾರೆ, ಬಿಗಿ ಮಾಡಿದರೆ ಬೇಕಾದವರು ಹೊರಗುಳಿಯುತ್ತಾರೆ. ಹೀಗಾಗಿ ಊಹೆಯ ಹುಡುಕಾಟವನ್ನು ‘ಇವರೂ ಇರಬಹುದೇ?’ ಎಂಬ ಸಲಹೆಯಾಗಿ ತೋರಿಸಬೇಕು. ಖಚಿತವಾದ ಕೊಂಡಿಗೆ ಮನುಷ್ಯರು ಕಟ್ಟಿದ ಪರ್ಯಾಯ ರೂಪಗಳ ಪಟ್ಟಿಯೇ ಆಧಾರ.

ಯಾರು, ಯಾವ ಪಾತ್ರದಲ್ಲಿ

ಹೆಸರಿನ ಜೊತೆಗೆ ಪಾತ್ರವನ್ನೂ ಬರೆಯಬೇಕು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮುಂದೆ ಲೋಣಾವಳಾ ಬಳಿಯ ಮಳವಲಿಗೆ ಹೋದ ರವಿವರ್ಮ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರ ಚಿತ್ರಗಳು ನಮ್ಮ ಅಜ್ಜಿಯರ ದೇವರಮನೆಗಳಲ್ಲಿ ಇದ್ದವು. ಅಂಥದೊಂದು ಮುದ್ರಿತ ಪ್ರತಿಗೆ ‘ಕಲಾವಿದ: ರಾಜಾ ರವಿವರ್ಮ’ ಎಂದಷ್ಟೇ ಬರೆದರೆ ಮೂಲ ವರ್ಣಚಿತ್ರಕ್ಕೂ ಪ್ರತಿಗೂ ವ್ಯತ್ಯಾಸ ಉಳಿಯುವುದಿಲ್ಲ. ‘ರವಿವರ್ಮರ ಚಿತ್ರವನ್ನು ಅನುಸರಿಸಿ’ ಎಂಬುದು ಒಂದು ಕೊಂಡಿ, ‘ಮುದ್ರಕರು: ರವಿವರ್ಮ ಮುದ್ರಣಾಲಯ’ ಎಂಬುದು ಇನ್ನೊಂದು. ಮುದ್ರಣಾಲಯ ಸಂಸ್ಥೆಯಾದ್ದರಿಂದ ಅದಕ್ಕೆ ಬೇರೆಯೇ ಸಂಖ್ಯೆ. ಸಂಸ್ಥೆಗಳ ಹೆಸರೂ ಬದಲಾಗುತ್ತದೆ: ಬೈಕುಲಾದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ 1975ರವರೆಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಆಗಿತ್ತು, ಕೋಟೆ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಆಗಿತ್ತು.

ಹೆಸರೇ ಇಲ್ಲದವರದು ಕೊನೆಯ ಪ್ರಶ್ನೆ. ಅದೇ ಛತ್ರಪತಿ ಶಿವಾಜಿ ಸಂಗ್ರಹಾಲಯದಲ್ಲಿ ಐಹೊಳೆಯ ದೇವಾಲಯದಿಂದ ಬಂದ ಭವ್ಯವಾದ ಛಾವಣಿ ಶಿಲ್ಪಗಳಿವೆ. ಮುಂಬಯಿಯ ಕನ್ನಡಿಗರು ಅವುಗಳ ಮುಂದೆ ತುಸು ಹೊತ್ತು ನಿಲ್ಲಬೇಕು. ಇಂಥ ಕೃತಿಗಳ ಕಲಾವಿದರ ಖಾನೆಯನ್ನು ಖಾಲಿ ಬಿಟ್ಟರೆ ‘ಯಾರೆಂದು ತಿಳಿಯದು’ ಎಂದರ್ಥವೋ ‘ಇನ್ನೂ ತುಂಬಿಲ್ಲ’ ಎಂದರ್ಥವೋ ಗೊತ್ತಾಗುವುದಿಲ್ಲ. ‘ಅಜ್ಞಾತ ಶಿಲ್ಪಿ, ಬಾದಾಮಿ ಚಾಲುಕ್ಯ ಕಾಲ’ ಎಂಬಂತೆ ಬರೆದರೆ ಕಾಲ, ಪ್ರದೇಶಗಳಿಂದ ಹುಡುಕುವವರಿಗೆ ಅವು ಸಿಗುತ್ತವೆ. ಗೆಟ್ಟಿಯ ಪಟ್ಟಿಯಲ್ಲೂ ಸಂಸ್ಕೃತಿಯ ಹೆಸರಿನಿಂದ ಅಜ್ಞಾತರನ್ನು ದಾಖಲಿಸುವ ಏರ್ಪಾಡು ಇದೆ.

ಸಂಘದ ಗೋಡೆಯ ಚಿತ್ರಗಳಿಂದ ಆರಂಭಿಸುವುದಾದರೆ

ಇದೆಲ್ಲ ದೊಡ್ಡ ವಸ್ತುಸಂಗ್ರಹಾಲಯಗಳ ಕೆಲಸ ಎಂದು ಬಿಡಬೇಕಿಲ್ಲ. ಮುಂಬಯಿ, ಪುಣೆಗಳ ಕನ್ನಡ ಸಂಘಗಳ ಸಭಾಂಗಣಗಳಲ್ಲಿ ದಾನಿಗಳ, ಸಾಹಿತಿಗಳ ಭಾವಚಿತ್ರಗಳಿರುತ್ತವೆ. ಬರೆದವರ ಹೆಸರು ಚೌಕಟ್ಟಿನ ಹಿಂದೆ ಸೀಸದಕಡ್ಡಿಯಲ್ಲಿ ಇರುವುದುಂಟು. ಎಕ್ಸೆಲ್ ಹಾಳೆಯೊಂದು ಸಾಕು, ಆದರೆ ಅದರಲ್ಲಿ ಮೂರು ಪುಟಗಳಿರಲಿ. ಒಂದರಲ್ಲಿ ಚಿತ್ರಗಳು: ಚಿತ್ರದ ಸಂಖ್ಯೆ, ಅದರ ಮೇಲಿರುವ ಬರಹ ಇದ್ದ ಹಾಗೆಯೇ, ಹಳೆಯ ಪಟ್ಟಿಯಲ್ಲಿದ್ದ ಹೆಸರು, ಕಲಾವಿದರ ಸಂಖ್ಯೆ, ಅವರ ಪಾತ್ರ. ಇನ್ನೊಂದರಲ್ಲಿ ಕಲಾವಿದರು: ಸಂಖ್ಯೆ, ತೋರಿಸುವ ಹೆಸರು, ವರ್ಷಗಳು, ಊರು. ಮೂರನೆಯದರಲ್ಲಿ ಹೆಸರಿನ ರೂಪಗಳು, ಒಂದು ಸಾಲಿಗೆ ಒಂದರಂತೆ. ಪ್ರತಿಯೊಂದರ ಮುಂದೆ ಕಲಾವಿದರ ಸಂಖ್ಯೆ, ಲಿಪಿ, ಆಧಾರ. ವರ್ಷ ಖಚಿತವಿಲ್ಲದಿದ್ದರೆ ‘1950ರ ದಶಕದಲ್ಲಿ ಸಕ್ರಿಯ’ ಎಂದು ಬರೆದರೂ ಹೆಸರಿನಲ್ಲಿ ಒಂದೇ ಆಗಿರುವ ಇಬ್ಬರನ್ನು ಬಿಡಿಸಲು ನೆರವಾಗುತ್ತದೆ.

ಹೆಸರಿನ ಫೋಟೊ ತೆಗೆದಿಡಿ, ಚೌಕಟ್ಟಿನ ಹಿಂಭಾಗವನ್ನೂ ಸೇರಿಸಿ. ಹೊಸ ಚೌಕಟ್ಟು ಹಾಕಿಸುವಾಗ ಹಳೆಯ ಹಲಗೆ ಕಸಕ್ಕೆ ಹೋಗುವುದು ಸಾಮಾನ್ಯ, ಅದರೊಂದಿಗೆ ಹೆಸರೂ ಹೋಗುತ್ತದೆ. ಕಲಾವಿದರು ಬದುಕಿದ್ದರೆ ತಮ್ಮ ಹೆಸರನ್ನು ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆಂದು ಅವರನ್ನೇ ಕೇಳಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಸಂಘದ ಹಿರಿಯ ಸದಸ್ಯರನ್ನು ಚಿತ್ರದ ಮುಂದೆ ಕೂರಿಸಿ ಕೇಳಿ. ‘ಇದು ನಮ್ಮ ಮಾಟುಂಗಾದ ಮಾಸ್ತರರು ಬರೆದದ್ದು’ ಎಂಬಷ್ಟೇ ಉತ್ತರ ಬಂದರೂ ಅದನ್ನು ಹೇಳಿದವರ ಹೆಸರು, ದಿನಾಂಕದೊಂದಿಗೆ ಆಧಾರದ ಖಾನೆಯಲ್ಲಿ ಬರೆದು, ಕಲಾವಿದರ ಪುಟದಲ್ಲಿ ಆ ಮಾಸ್ತರರಿಗೂ ಒಂದು ಸಂಖ್ಯೆ ಕೊಡಿ.